ಕೈಮಾತು

ಮೊದಲು ಇಬ್ಬರಿಗಷ್ಟ ಗೊತ್ತಿತ್ತು,
ಅವ್ವಗ, ಅಣ್ಣ ಗುರುಪಾದಗ.
ಎರಡು ಬೆರಳು ತಿಕ್ಕಿದರ ಉಪ್ಪು.
ಗಲ್ಲಕ್ಕ ಅಂಗೈ ಕೊಟ್ಟರ ನಿದ್ದಿ.
ಹಣಿ ಮ್ಯಾಲೆ ಮೂರು ಬೆರಳು ಅಡ್ಡ ಎಳದರ ಅಪ್ಪ.
ಅಪ್ಪ ಹೋದ ಮ್ಯಾಲೆ
ಮೂರು ಬೆರಳು ಎಳದು, ಅಂಗೈ ಬಾಯಿ ಮುಂದ ಹಿಡದು
ಉಫ್ ಅಂತ ಊದತಿದ್ದ.

ನಾ ಹುಟ್ಟಿ ಮೂರನೇದಾಕಿ ಆದೆ.
ನನಗ ಮೊದಲ ಸನ್ನೆ ಬಂದ ದಿನ
ಅವ್ವ ಒಲಿ ಮುಂದ ಕುಂತು ಅತ್ತಿದ್ದಳಂತ.
ಅಲ್ಲೀತನ ಅವರಿಬ್ಬರೂ ಜಗಳಾಡಿದರ
ಚಾಡಿ ಹೇಳಾಕ ಒಬ್ಬರೂ ಇರಲಿಲ್ಲ.

ಬನಹಟ್ಟಿ ಓಣಿಗೆ ಅದು ಮೂಗನ ಆಟ.
ಹುಡುಗರು ಕೈ ತಿರುವಿ ಅಣಕಸಾವು.
ಅಂಗಡಿ ಪದ್ಮಣ್ಣ, ಉಪ್ಪು ಕೇಳಿದರ
ನಕ್ಕೋತ ಸಕ್ಕರಿ ಕಟ್ಟಿ ಕಳಸಾಂವ.
ಸಕ್ಕರಿ ತಗೊಂಡು ಬಂದ ಪೋರಗ ಬೈಬೇಕೋ
ಹಂಗ ಇಟಗೋಬೇಕೋ, ಅವ್ವಗ ತಿಳೀತಿರಲಿಲ್ಲ.

ಹದಿನೇಳಕ್ಕ ಅಣ್ಣ ಪಾವರಲೂಮ ಸೇರಿದ.
ತಗಡಿನ ಮಾಡಿನ ಕೆಳಗ ಮೂವತ್ತಾರು ಮಗ್ಗ.
ಖಟಾಖಟ ಖಟಾಖಟ, ಗಂಟಲ ಹರಕೊಂಡರೂ
ಬಾಜೂ ಮಗ್ಗಕ್ಕ ಮುಟ್ಟೂದಿಲ್ಲ.
ಅಲ್ಲಿ ಕಿವಿ ಇದ್ದವರೆಲ್ಲ ಕಿವುಡರು,
ನಮ್ಮಣ್ಣ ಒಬ್ಬನ ಆರಾಮ ಮಾತಾಡಾಂವ.
ಆದರ ಯಾರ ಕೂಡ?

ಲಾಲಸಾಬ ಕಲಿತ, ಬರೇ ನೀರು ಅನ್ನೂದು.
ಬಾಯಾರಿದಾಗ ಅಷ್ಟ ಸಾಕು.
ಆಮ್ಯಾಲೆ ಎಳಿ ಹರದೈತಿ, ಕಂಡಿಕಿ ತಾ, ಕರೆಂಟ ಹೋಕ್ಕೈತಿ.
ತಂಗೆವ್ವ ಕಲಿತಳು, ಆಕಿ ತಮ್ಮ ಕಲಿತ.
ಐದು ಮಂದಿ ಇರೂತನ ಕೆಲಸದ ಮಾತು.
ಹನ್ನೆರಡಕ್ಕ ನಗಿಚಾಟಿಕಿ.
ಇಪ್ಪತ್ತು ದಾಟಿತು ನೋಡ್ರಿ,
ಸುಳ್ಳು ಹೇಳಾಕೂ ಬರಾಕತ್ತಿತು.

ನಾ ಕಂಡಿಕಿ ಸುತ್ತಾಕಿ, ಲೆಕ್ಕದಾಗ ದಡ್ಡಿ.
ಆದರ ಹಾಸು ಹೊಕ್ಕು ಬಲ್ಲೆ.
ಹೊಕ್ಕಿನ ಎಳಿ ಒಂದ ಒಳಗ ಬಂದರ
ಹಾಸಿನ ಅಷ್ಟೂ ಎಳಿ ದಾಟೇ ಹೋಗಬೇಕು,
ಒಂದನ್ನೂ ಮುಟ್ಟದ ಬಿಡೂದಿಲ್ಲ.
ಹೊಸಬ ಒಬ್ಬ ಕಲಿತರ
ಶೆಡ್ಡಿಗೆ ಒಂದು ಬಾಯಿ ಕೂಡೂದಿಲ್ಲ,
ಮೊದಲು ಎಷ್ಟು ಮಂದಿ ಇದ್ದರೋ ಅಷ್ಟು ಹಾದಿ ಕೂಡತಾವ.

ಪದ್ಮಣ್ಣಗ ಯಾರೂ ಕಲಿಸಲಿಲ್ಲ.
ಪಾಳೆ ಬಿಟ್ಟು ಬಂದ ಗಿರಾಕಿ,
ಕಿವ್ಯಾಗ ಇನ್ನೂ ಮಗ್ಗ ಹೊಡಕೊಳ್ಳೂ ಮಂದಿ,
ಒಬ್ಬರ ಹಿಂದ ಒಬ್ಬರು ಎರಡು ಬೆರಳು ತಿಕ್ಕಿದ ಮ್ಯಾಲೆ
ಅವನ ಕೈ ತಾನ ಉಪ್ಪಿನ ಚೀಲಕ್ಕ ಹೋತು.
ಅವತ್ತು ಅಣ್ಣ ಉಪ್ಪು ತಗೊಂಡು ಬಂದು
ಬೇಕಿಲ್ಲದಿದ್ದರೂ ಮತ್ತೊಮ್ಮೆ ಹೋದ.

ಮಾತು ರಬಕವಿಗೆ ಹೋತು, ತೇರದಾಳಕ್ಕ ಹೋತು.
ಬಸ್‌ಸ್ಟ್ಯಾಂಡಿನ್ಯಾಗ ರಬಕವಿ ಪೋರ ಒಬ್ಬಾಂವ
ಅಣ್ಣನ ಕೈ ಹಿಡದು ತಿದ್ದಿದ:
ಉಪ್ಪು ಅಂದ್ರ ಎರಡು ಬೆರಳಲ್ಲೋ, ಮೂರು.
ಅಣ್ಣ ಮನಿಗೆ ಬಂದು ಅದನ್ನ ಹೇಳಿ ಹೇಳಿ
ಕಣ್ಣಾಗ ನೀರು ಬರೂತನ ನಕ್ಕ.

ಇನ್ನೊಂದು ದಿನ ನಗಲಿಲ್ಲ.
ಶೆಡ್ಡಿನ ಆ ಮೂಲ್ಯಾಗ ಯಾರೋ
ಹಣಿ ಮ್ಯಾಲೆ ಮೂರು ಬೆರಳು ಎಳದು ಉಫ್ ಅಂದ.
ಮಂದಿ ಮಗ್ಗ ನಿಂದರಿಸಿ ಬೀಡಿ ಹಚ್ಚಿತು.
ಸಾವಕಾರ ವಿಭೂತಿ ಹಚ್ಚತಾನಲ್ಲ,
ಸಾವಕಾರ ಹೊರಗ ಹ್ವಾದ ಅಂತ ಅದರ ಅರ್ಥ.
ಮಂದಿ ಮಾತು ಆದ ಮ್ಯಾಲೆ ಯಾರನ್ನ ಕೇಳೂದು?
ಲಾಲಸಾಬ ಬೀಡಿ ಕೊಟ್ಟ. ಅಣ್ಣ ಸೇದಿದ.

ರಾತ್ರಿ ಅವ್ವನ ಮುಂದ ಕುಂತು ಎಲ್ಲಾ ಹೇಳಿದ.
ಅವ್ವ ಬಾಳೊತ್ತು ಸುಮ್ಮನಿದ್ದಳು.
ಆಮ್ಯಾಲೆ ಅಪ್ಪಗ ಒಂದು ಹೊಸ ಸನ್ನೆ ಮಾಡಿದಳು.
ಅದು ಹೆಂಗಂತ ನಾ ಇಲ್ಲಿ ಬರಿಯಾಕಿ ಅಲ್ಲ.
ನಮ್ಮ ಮೂವರದು ಅದು.

ಮೊನ್ನೆ ಕಂಡಿಕಿ ಒಯ್ಯಾಕ ಬಂದ ತಂಗೆವ್ವ
ಗ್ವಾಡಿಗಿನ ಫೋಟೋದ ಮುಂದ ನಿಂತು
ಆ ಸನ್ನೆ ಮಾಡಿದಳು.
ಸೊಲ್ಪ ತಪ್ಪು, ಹೆಬ್ಬೆಟ್ಟು ಒಳಗ ಉಳದಿತ್ತು.
ರೊಟ್ಟಿ ಬಡಿಯೂದು ನಿಂತಿತು.
ಅಣ್ಣ ಹೊಸ್ತಲ ಮ್ಯಾಲೆ, ಹೊರಗೂ ಅಲ್ಲ ಒಳಗೂ ಅಲ್ಲ,
ನೆಲ ನೋಡಕೋತ ನಿಂತಿದ್ದ.
ಅವ್ವ ಎದ್ದಳು,
ಹಿಟ್ಟಿನ ಕೈಲೆ ಆಕಿ ಹೆಬ್ಬೆಟ್ಟು ಹಿಡದು
ಹೊರಗ ತಗದಳು.