ಕಾಲಂ ಏಳು

ಅಳತೆಪಟ್ಟಿ, ಒಂದು ಜಿಪಿಎಸ್, ಎರಡು ಜಿಲ್ಲೆಗಳ ಎರಡು ಮೊಹರು,
ಚೀಲದ ತಳದಲ್ಲಿ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ.
ವಾಂಕಾವೆಲಿಕಾದ ಕಚೇರಿ ನನ್ನನ್ನು ಅಟ್ಟಿದ್ದು
ಒಂದು ಹಳೇ ಜಗಳ ಹರಿಸಿ ಬಾ ಎಂದು.
ನಾನು ಸರ್ವೆಯವನು, ಎಲೆಉತೇರಿಯೊ ತಾಯ್ಪೆ.
ಹುಟ್ಟಿದ್ದು ಇದೇ ಎತ್ತರದಲ್ಲಿ; ಆದರೂ
ಮೇಜಿನ ಮುಂದೆ ಕೂತು ಕೂತು ಎದೆ ತಗ್ಗಿನದಾಗಿದೆ.

ನಕ್ಷೆಯಲ್ಲಿ ನಮ್ಮ ಸೀಮೆ ಏಳು ಹೋಳು:
ಅಕೋಬಾಂಬ, ಅಂಗರಾಯೆಸ್, ಚುರ್ಕಾಂಪಾ, ತಾಯಕಾಹಾ,
ಪಡುವಲಿಗೆ ವಾಯ್ತರಾ, ಕಾಸ್ತ್ರೊವಿರ್ರೇಯ್ನಾ,
ನಡುವೆ, ಸೀಮೆಯ ಹೆಸರನ್ನೇ ಹೊದ್ದು ಕೂತ ವಾಂಕಾವೆಲಿಕಾ.
ಹೋಳಿಗೊಂದು ಬಣ್ಣ.
ಬಣ್ಣ ಬಳಿದವನು ಲೀಮಾದಲ್ಲಿದ್ದ,
ಅವನ ಶಾಯಿ ಎಂದೂ ಹೆಪ್ಪುಗಟ್ಟಿರಲಿಲ್ಲ.

ಯಾನಾಪುಕ್ಯೊ ಅಂದರೆ ಕರಿಬುಗ್ಗೆ.
ಹದಿಮೂರು ಮನೆ, ನಾಲ್ಕು ಸಾವಿರದ ಆರುನೂರು ಮೀಟರು.
ಇಲ್ಲಿ ಉಗುಳಿದರೆ ಒಂದು ಪಾಲು ಅಮೆಜಾನಿಗೆ,
ಇನ್ನೊಂದು ಪಾಲು ಇಕಾದ ಮರಳಿಗೆ,
ಯಾರೋ ಸಾಹುಕಾರನ ಆಸ್ಪರಾಗಸ್ ತೋಟಕ್ಕೆ.

ಫೋರ್ತುನಾತಾ ಪಾಯ್ತಾನ್ ಕೋಕಾ ಕಷಾಯ ಕೊಟ್ಟು ಹೇಳಿದಳು:
"ಕರೆಂಟು ಆ ಜಿಲ್ಲೆಯದು, ನಲ್ಲಿ ಈ ಜಿಲ್ಲೆಯದು.
ಚುನಾವಣೆಗೆ ಎರಡೂ ಕಡೆಯವರು ಅಕ್ಕಿ ತರುತ್ತಾರೆ,
ನಾನು ಎರಡನ್ನೂ ಉಣ್ಣುತ್ತೇನೆ, ಅದೇನು ಕಷ್ಟವಲ್ಲ.
ಕಷ್ಟ ಗೌದೆನ್ಸಿಯೊನದು.
ಸತ್ತು ಹದಿನಾಲ್ಕು ತಿಂಗಳಾಯಿತು,
ಕಾಗದದಲ್ಲಿ ಇನ್ನೂ ಬದುಕಿದ್ದಾನೆ ಮುಂಡೇಗಂಡ."

ಕಾಲಂ ಏಳು: ಮರಣದ ಸ್ಥಳ.
ಆಚೆ ಸತ್ತ ಅಂತಾರೆ ಈಚೆಯವರು,
ಈಚೆ ಸತ್ತ ಅಂತಾರೆ ಆಚೆಯವರು.

ನಡೆದೆವು. ಅವಳು ಮುಂದೆ, ನಾನು ಏದುಸಿರು.
ದಾರಿಯುದ್ದಕ್ಕೂ ಅವನ ಮಾತು ಕಡಿಮೆ,
ಅವನ ಅಜ್ಜನ ಮಾತೇ ಹೆಚ್ಚು:
ಸಾಂತಾ ಬಾರ್ಬರಾದ ಗಣಿಯಿಂದ ಬಂದವನು
ಚಮಚ ಬಾಯಿಗೆ ತರುವಷ್ಟರಲ್ಲಿ ಸಾರೆಲ್ಲ ಮಡಿಲಿಗೆ.
ನಮ್ಮಜ್ಜನದೂ ಅದೇ ನಡುಗುವ ಕೈ.
ಇಂಕರ ಕಾಲಕ್ಕೆ ಅದು ಬರೀ ಇಂಗಳೀಕ, ಮುಖಕ್ಕೆ ಬಳಿವ ಕೆಂಪು.
ಆಮೇಲೆ ಬಂದವರು ಕಲ್ಲನ್ನು ಸುಟ್ಟು ಬೆವರಿಸಿದರು,
ಬೆವರನ್ನು ತೊಗಲಚೀಲಕ್ಕೆ ತುಂಬಿ
ಲಾಮಾ ಬೆನ್ನ ಮೇಲೆ ಇಳಿಸಿದರು ಕಡಲಿಗೆ,
ಅಲ್ಲಿಂದ ಪೊತೊಸಿಯ ಬೆಳ್ಳಿಗೆ.
ಬೆಳ್ಳಿ ಎಲ್ಲಿಗೆ ಹೋಯಿತು ಎಲ್ಲರಿಗೂ ಗೊತ್ತು,
ನಡುಕ ಇಲ್ಲೇ ಉಳಿಯಿತು.

ಅಜ್ಜ ಒಮ್ಮೆ ಡಬ್ಬಿಯ ಮುಚ್ಚಳದಲ್ಲಿ ಒಂದು ಹನಿ ಪಾದರಸ ತೋರಿಸಿದ್ದ.
ಕಡ್ಡಿಯಿಂದ ಕುಟ್ಟಿದೆ: ಏಳಾಯಿತು, ಇಪ್ಪತ್ತಾಯಿತು.
ಮುಚ್ಚಳ ಓರೆ ಮಾಡಿದ. ಮತ್ತೆ ಒಂದೇ.
"ಮುಟ್ಟಬೇಡ" ಅಂದ, ಅಷ್ಟೇ ಅಂದದ್ದು.

ಅಲ್ಲಿ ಒಂದು ಚಪ್ಪಟೆ ಕಲ್ಲು, ಮೇಲೆ ಮೂರು ಕೋಕಾ ಎಲೆ.
ಆಲಿಕಲ್ಲು ಬೀಳುವಾಗ ಒಂದು ಆಲ್ಪಾಕಾದ ಬೆನ್ನು ಹತ್ತಿ ಬಂದನಂತೆ,
ಕೂತನಂತೆ, ಏಳಲಿಲ್ಲವಂತೆ.
ಯಂತ್ರ ಉಪಗ್ರಹಗಳನ್ನು ಎಣಿಸಿತು. ನಕ್ಷೆ ಬಿಚ್ಚಿದೆ.
ಅದರ ಗೆರೆಯ ದಪ್ಪ ಒಂದು ಮಿಲಿಮೀಟರು,
ನೆಲದ ಮೇಲೆ ಅದೇ ನೂರು ಮೀಟರು.
ಗೌದೆನ್ಸಿಯೊ ಕಾಂತೊ
ಗೆರೆಯೊಳಗೆ ಸತ್ತಿದ್ದ.

"ತಲೆ ಯಾವ ಕಡೆಗಿತ್ತು?" ಕೇಳಿದೆ, ಏನೋ ಕೇಳಬೇಕೆಂದು.
"ಬೆಟ್ಟದ ಕಡೆಗೆ."
"ಬೆಟ್ಟ ಯಾವ ಜಿಲ್ಲೆಯದು?"
ಅವಳು ನನ್ನನ್ನು ನೋಡಿದ ಬಗೆಗೆ
ನನ್ನ ಬಳಿ ಕಾಲಂ ಇಲ್ಲ.

ಮೊಹರು ತೆಗೆದೆ. ಒಂದರ ಶಾಯಿ ಚಳಿಗೆ ಕಲ್ಲಾಗಿತ್ತು.
ಇನ್ನೊಂದಕ್ಕೆ ಬಾಯುಸಿರು ಊದಿ ಒತ್ತಿದೆ.
ಹಾಗೆ ಅವನು ಆ ಜಿಲ್ಲೆಯಲ್ಲಿ ಸತ್ತ.

ಫೋರ್ತುನಾತಾ ಕಾಗದ ಮಡಿಸಿ ಕುಪ್ಪಸದೊಳಗಿಟ್ಟಳು,
ಕೈಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು.
ದೂರದಿಂದ ಬಂತು ಒಂದು ಆಲ್ಪಾಕಾ,
ಕಿವಿಯಲ್ಲಿ ಕೆಂಪು ಉಣ್ಣೆಯ ಕುಚ್ಚು.
"ಇದೇ" ಅಂದಳು. "ಆವತ್ತು ತಪ್ಪಿಸಿಕೊಂಡದ್ದು."