ಒಂದು ಗೆಣ್ಣು ಸಡಿಲ

ಭಾನುವಾರ, ಬೆಳಗಿನ ಹಾಲು ಅಳೆದು ಡೇರಿ ಮುಚ್ಚುವ ಹೊತ್ತಿಗೆ
ಮನೆ ಮುಂದಿನ ಕಲ್ಲುಚಪ್ಪಡಿಯ ಮೇಲೆ
ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕುತ್ತೇನೆ.
ಹಿಂದಿನ ಚಕ್ರ ನೆಲ ಬಿಡುತ್ತದೆ.
ಕೀಲಿ ಒಳಗೆ ಗೋಡೆಯ ಮೊಳೆಯಲ್ಲೇ ಇದೆಯೇ ಎಂದು
ಇನ್ನೊಮ್ಮೆ ಹೋಗಿ ನೋಡಿ ಬರುತ್ತೇನೆ.

ಅದು ದಸ್ತಗೀರ್ ಸಾಬರ ಮೊದಲ ಪಾಠ.
ಅರಸೀಕೆರೆ ಸ್ಟೇಷನ್ನಿನ ಹಿಂದೆ ಅವರ ತಗಡಿನ ಶೆಡ್ಡು,
ಬಲಗೈ ತೋರುಬೆರಳಿಗೆ ಮೇಲಿನ ಗೆಣ್ಣೇ ಇಲ್ಲ.
‘ಇಂಜಿನ್ನು ಓಡೋವಾಗ ಚೈನು ಒರೆಸೋಕೆ ಹೋದೆ ಮೇಡಂ.
ಚೈನು ಬಟ್ಟೆ ಹಿಡೀತು, ಬಟ್ಟೆ ಬೆರಳು ಹಿಡೀತು.
ಆಮೇಲೆ ಎಣಿಸಿದರೆ ಒಂಬತ್ತೂವರೆ.’
ನಕ್ಕರು. ನಾನು ನಗಲಿಲ್ಲ.

ನಮ್ಮದು ತೆಂಗಿನ ಸೀಮೆ. ಎಲ್ಲಕ್ಕೂ ಒಂದೇ ಮದ್ದು,
ಒಣಗಿದ ತಲೆಗೆ, ಬಿರಿದ ಹಿಮ್ಮಡಿಗೆ, ಕಿರುಗುಟ್ಟುವ ಬಾಗಿಲಿಗೆ.
‘ಒಂದು ಚಮಚ ಕೊಬ್ಬರಿ ಎಣ್ಣೆ ಬಿಡೇ, ಮುಗೀತು’ ಅನ್ನುತ್ತಾರೆ ಅತ್ತೆ.
ಬಿಟ್ಟೂ ನೋಡಿದ್ದೇನೆ.
ಎರಡು ದಿನ ಘಮಘಮ, ಮೂರನೆಯ ದಿನ ಇರುವೆ.
ಇಂಜಿನ್ನಿನ ಹಳೇ ಆಯಿಲ್ ಬಳಿದರೆ
ಜಾವಗಲ್ ರಸ್ತೆಯ ಕೆಂಧೂಳೆಲ್ಲ ಅದರಲ್ಲಿ ಕಲಸಿಕೊಂಡು
ಚಕ್ರದ ಹಲ್ಲು ತಿನ್ನುವ ಉಪ್ಪುಕಾಗದ.

ಮೊದಲು ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷು,
ಹೋದ ವರ್ಷ ನನ್ನ ಹಲ್ಲುಜ್ಜಿದ್ದು.
ಆಮೇಲೆ ಮಗಳ ಎರಡನೇ ಕ್ಲಾಸಿನ ಯೂನಿಫಾರ್ಮಿನ ತೋಳು.
ಆಮೇಲೆ ಸೂಜಿ ಕಿತ್ತ ಸಿರಿಂಜಿನಲ್ಲಿ
ತೊಂಬತ್ತರ ಗೇರ್ ಆಯಿಲ್, ಜೇನಿನಷ್ಟು ನಿಧಾನ.
ಎಡಗೈ ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತದೆ,
ಬಲಗೈ ಕೊಂಡಿಗೊಂದು ಹನಿ, ಒಳಮೈಗೆ.
‘ಕಂಡ ಎಣ್ಣೆ ಧೂಳಿನ ಪಾಲು,
ಕಾಣದ್ದು ಚೈನಿನ ಪಾಲು’ ಅನ್ನುತ್ತಿದ್ದರು ಸಾಬರು.

ಇಷ್ಟೆಲ್ಲ ಮಾಡಿಯೂ ಹೋದ ಬೇಸಿಗೆಯಲ್ಲಿ
ಕಣಕಟ್ಟೆಯ ಆಚೆ ಚೈನು ತುಂಡಾಯಿತು.
ಸಿದ್ದಲಿಂಗಮ್ಮನ ಹಸು ರಾತ್ರಿಯೆಲ್ಲ ಕೂಗಿತ್ತು.
ಸೀಟಿನ ಹಿಂದೆ ಕಟ್ಟಿದ ಕ್ಯಾನಿನೊಳಗೆ
ಕಂಡರಿಯದ ಊರಿನ ಹೋರಿಗಳು
ಕಡ್ಡಿಗಳಲ್ಲಿ ಹೆಪ್ಪುಗಟ್ಟಿ ತಣ್ಣಗೆ ಕಾಯುತ್ತಿದ್ದವು.
ನಾನು ಹುಣಸೆಮರದ ಕೆಳಗೆ ನಿಂತು
ಅಡವಿಟ್ಟ ಅವಲಕ್ಕಿ ಸರ ಬಿಡಿಸಿ ತಂದವಳ ಹಾಗೆ
ಚೈನನ್ನು ಅಂಗೈಯಲ್ಲಿ ತೂಗಿ ನೋಡುತ್ತಿದ್ದೆ.

ತಲುಪುವಾಗ ಕತ್ತಲು. ಹಸು ಮೆಲುಕು ಹಾಕುತ್ತಿತ್ತು,
ಕೂಗು ಯಾವಾಗಲೋ ನಿಂತಿತ್ತು.
ಇನ್ನು ಇಪ್ಪತ್ತೊಂದು ದಿನ ಎಂದೆ.
ಸಿದ್ದಲಿಂಗಮ್ಮ ಬೈಯಲಿಲ್ಲ.
ಒಂದು ಲೋಟ ಮಜ್ಜಿಗೆ ಕೊಟ್ಟಳು, ಇಂಗು ಹಾಕಿ.
ಬೈದಿದ್ದರೆ ಚೆನ್ನಾಗಿತ್ತು.

ಸಾಬರು ತುಂಡನ್ನು ಬೆಳಕಿಗೆ ಹಿಡಿದು ನೋಡಿದರು.
‘ಎಣ್ಣೆ ಸರಿ ಐತೆ. ಬಿಗಿ ಜಾಸ್ತಿ.
ಗುಂಡಿಗೆ ಬಿದ್ದಾಗ ಚಕ್ರ ಮೇಲಕ್ಕೇಳುತ್ತಲ್ಲ,
ಆಗ ಎಳೆದುಕೊಳ್ಳೋಕೆ ಅದಕ್ಕೂ ಒಂಚೂರು ಜಾಗ ಬೇಡವಾ?’
ಸಡಿಲ ಅಂದರೆ ಅಸಡ್ಡೆ ಅಂದುಕೊಂಡಿದ್ದೆ.
ವಾರವಾರ ಸ್ಪ್ಯಾನರು ಹಿಡಿದು ಜಗ್ಗಿದ್ದೆ,
ಜಡೆ, ಹಗ್ಗ, ಸಂಸಾರ, ಎಲ್ಲವನ್ನೂ ಜಗ್ಗುವ ಹಾಗೆ.

ಎಷ್ಟು ಸಡಿಲ ಬಿಡಲಿ ಎಂದು ಕೇಳಿದೆ.
ಮೊಂಡು ಬೆರಳು ಮುಂದೆ ಚಾಚಿದರು,
ಅದರ ತುದಿಯಿಂದಾಚೆಯ ಗಾಳಿಯನ್ನು
ಎಡಗೈ ಹೆಬ್ಬೆರಳಿನಿಂದ ತೋರಿಸಿದರು.
‘ಇಲ್ಲಿ ಇಲ್ಲವಲ್ಲ, ಅಷ್ಟು.’

ಈಗ ನನ್ನ ಬೆರಳನ್ನು ಚೈನಿನ ಕೆಳಗಿಟ್ಟು
ಮೇಲಕ್ಕೆ ಒತ್ತುತ್ತೇನೆ, ಬಿಡುತ್ತೇನೆ.
ಒಂದು ಗೆಣ್ಣು. ಉಗುರಿನ ಸಂದಿಗೆ ಕಪ್ಪು.

ಅತ್ತೆ ಫೋನು ಹಿಡಿದು ಬರುತ್ತಾರೆ,
ಮೊಣಕೈಯಿಂದ ಕಿವಿಗೊತ್ತಿಕೊಳ್ಳುತ್ತೇನೆ.
‘ಸೂಜಿ ಮೇಡಂ, ಬೆಳಿಗ್ಗೆಯಿಂದ ಕೂಗ್ತಾ ಐತೆ.’
ಬೆಳಿಗ್ಗೆ ಕೂಗಿದ ಹಸುವಿಗೆ ಸಂಜೆವರೆಗೂ ಸಮಯವಿದೆ.
ಎಣ್ಣೆ ಒಳಗಿಳಿಯಲು ಹತ್ತು ನಿಮಿಷ,
ಆಮೇಲೆ ಮಿಕ್ಕಿದ್ದನ್ನು ಒರೆಸಬೇಕು.

ಚಪ್ಪಡಿಯ ಮೇಲೆ ಕೂತಿದ್ದೇನೆ.
ಚಕ್ರ ಇನ್ನೂ ತಿರುಗುತ್ತಿದೆ, ಸದ್ದಿಲ್ಲ.