ಒತ್ತು

ಶಿಡ್ಲಘಟ್ಟದ ಫಿಲೇಚರಿನಲ್ಲಿ
ಕುದಿನೀರ ಬೇಸಿನ್ನಿಗೆ ಕೈಯಿಟ್ಟು
ಗೂಡಿನ ಎಳೆ ಹುಡುಕುತ್ತಿದ್ದಳು ಅಮ್ಮ,
ಹದಿಮೂರಕ್ಕೆ.
ಹದಿನಾರಾಗುವಷ್ಟರಲ್ಲಿ ಬೆರಳ ಗೆರೆಗಳೆಲ್ಲ
ನೀರಿಗೆ ಬಿಟ್ಟುಕೊಟ್ಟಿದ್ದಳು.

ಶನಿವಾರದ ಬಟವಾಡೆ. ರೈಟರು
ಮಸಿ ಹಚ್ಚಿ ಒತ್ತಿಸಿದರೆ ಪುಸ್ತಕದಲ್ಲಿ
ಬರೀ ಒಂದು ಕರಿಬೊಟ್ಟು.
‘ಇದು ಯಾರ್ದೋ ಏನೋ’ ಅಂತ
ನಾಲ್ಕಾಣೆ ಮುರಿದುಕೊಂಡೇ ಕೊಡುತ್ತಿದ್ದ.

ಕೇರಿಗೆ ಬರುತ್ತಿದ್ದವಳು ರಾಹೇಲಮ್ಮ,
ಮಿಷನ್ನಿನ ಬೈಬಲಮ್ಮ.
ಬಿಳಿ ಸೀರೆ, ಕಂಕುಳಲ್ಲಿ ಕೊಡೆ, ಚೀಲದಲ್ಲಿ
ಸುವಾರ್ತೆಯ ಹಾಳೆ, ಕಜ್ಜಿಯ ಮುಲಾಮು.
ಹಾಳೆಯಲ್ಲಿ ನಮ್ಮಜ್ಜಿ ಹೊಗೆಸೊಪ್ಪು ಕಟ್ಟಿದಳು.
ರಾಹೇಲಮ್ಮ ನೋಡಿ ನಕ್ಕಳಂತೆ,
ಮುಲಾಮು ಇನ್ನೊಂದು ಡಬ್ಬಿ ಕೊಟ್ಟಳಂತೆ.

ಸ್ಲೇಟಿಗೆ ದುಡ್ಡಿಲ್ಲ. ಬೀಸುಕಲ್ಲಿನ ಸುತ್ತ
ಉದುರಿದ ರಾಗಿಹಿಟ್ಟನ್ನೇ ಅಂಗೈಯಲ್ಲಿ ಸವರಿ
‘ಬರಿ’ ಅಂದಳು.
ಮೊದಲು ಅವಳ ದೇವರ ಹೆಸರಲ್ಲ,
ಅಮ್ಮನದು.
ಮು, ನಿ, ವೆಂ, ಕ, ಟ,
ಅಲ್ಲಿಗೆ ಬಂದು ಕೈ ನಿಂತಿತು.
‘ಮ’ಗೆ ‘ಮ’ ಒತ್ತು ಕೊಡೇ.
‘ಒತ್ತೋದಾ?’
ಹೆಬ್ಬೆಟ್ಟೇ ಮುಂದೆ ಬಂತು ಅಮ್ಮನದು.

ದೀಪ ಹಚ್ಚೋ ಹೊತ್ತಿಗೆ ಹಿಟ್ಟು ಬಳಿದು
ಮುದ್ದೆ ಕಟ್ಟಿದರು.
ಅವತ್ತು ನನ್ನ ಹೆಸರನ್ನೇ ನುಂಗಿದೆ, ಅನ್ನುತ್ತಾಳೆ,
ಅಗಿಯದೆ.

ಮುಂದಿನ ಶನಿವಾರ ಪೆನ್ನು ಕೇಳಿದಳು.
‘ಜಾತಿ ಕೆಟ್ಟೆಯೇನೇ?’ ಅಂದ ರೈಟರು.
ನಾಲ್ಕಾಣೆ ಮಾತ್ರ ಮುರಿಯಲಿಲ್ಲ.

ಎಲ್ಲಾ ಹೇಳಬೇಕಲ್ಲ:
ದೊರೆಸಾನಿಯ ಬಂಗಲೆಯಲ್ಲಿ ರಾಹೇಲಮ್ಮ
ಹಿತ್ತಿಲ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದಳು.
ಕೇರಿಯ ಮೂರು ಮನೆ ಚರ್ಚಿಗೆ ಹೋದವು,
ಅಲ್ಲೂ ಅವರಿಗೆ ಹಿಂದಿನ ಚಾಪೆ.
ಅಮ್ಮ ಹೋಗಲಿಲ್ಲ.
‘ನನ್ನ ಹೆಸರಲ್ಲಿ ಮುನೇಶ್ವರನೂ ಇದಾನೆ,
ವೆಂಕಟರಮಣನೂ ಇದಾನೆ,
ಇನ್ನೊಬ್ಬನಿಗೆ ಜಾಗ ಎಲ್ಲಿದೆಯಕ್ಕ?’
ರಾಹೇಲಮ್ಮ ಕೊಡೆ ಎತ್ತಿಕೊಳ್ಳುತ್ತಾ,
‘ಒತ್ತಾಗಿ ಕೂತ್ರೆ ಹಿಡಿಸುತ್ತೆ ಬಿಡು’ ಅಂದಳಂತೆ.
ಅದು ಕೊನೆಯ ಸಲ. ಆಮೇಲೆ ಅವಳನ್ನು
ಎಲ್ಲಿಗೋ ವರ್ಗ ಮಾಡಿದರು,
ಬಾಗೇಪಲ್ಲಿಗೋ, ಬೇತಮಂಗಲಕ್ಕೋ.

ಮೊನ್ನೆ ನ್ಯಾಯಬೆಲೆ ಅಂಗಡಿಯಲ್ಲಿ
ಯಂತ್ರ ಅಮ್ಮನ ಹೆಬ್ಬೆಟ್ಟು ಓದಲಿಲ್ಲ.
ಸೆರಗಲ್ಲಿ ಒರೆಸಿ ಒತ್ತಿದಳು,
ಇನ್ನೊಂದು ಬೆರಳು, ಇನ್ನೊಂದು. ಕೆಂಪು ದೀಪ.
‘ಪೆನ್ನು ಕೊಡಪ್ಪ, ಸೈ ಹಾಕ್ತೀನಿ.’
‘ಸೈಗೆ ಇದರಲ್ಲಿ ಜಾಗ ಇಲ್ಲ, ಅಜ್ಜಿ.’

ತಕ್ಕಡಿಯ ತಟ್ಟೆಯಲ್ಲಿ
ಯಾರದೋ ರಾಗಿಯ ಧೂಳು ಉಳಿದಿತ್ತು.
ಅಮ್ಮನ ಬೆರಳು ಅಲ್ಲಿಗೆ ಹೋಯಿತು.
ಹಿಂದಿದ್ದವರು ಗೊಣಗುತ್ತಿದ್ದರು.
ಕೊನೆಯ ಒತ್ತು ಬರೆಯುವವರೆಗೆ
ಅವಳು ಕೈ ಎತ್ತಲಿಲ್ಲ.